ವಿಂಗರ್ ಸ್ಟೀವ್ ಕೊಪೆಲ್: 28ನೇ ವಯಸ್ಸಿಗೇ ನಿಂತ ಆ ಓಟದ ಬಗ್ಗೆ ಮಾತಾಡೋಣ

ಪಶ್ಚಿಮ ಗ್ಯಾಲರಿ:

2017ರ ಡಿಸೆಂಬರ್ ಕೊನೆಯ ವಾರ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಜಮ್‌ಶೆಡ್‌ಪುರದ ಫುಟ್‌ಬಾಲ್ ಪಂದ್ಯ ನೋಡೋಕೆ ಚಿಕ್ಕಪ್ಪನ ಜೊತೆ ಹೋಗಿದ್ದೆ. ಇನ್ನೇನು 0-0ರಲ್ಲಿ ಮುಗಿಯಿತು ಅನ್ನುವ ಹೊತ್ತಿಗೆ ಜಮ್‌ಶೆಡ್‌ಪುರಕ್ಕೆ ಪೆನಾಲ್ಟಿ ಸಿಕ್ಕಿತು. ಟ್ರಿಂಡೇಡ್ ಹೊಡೆದರು, ನಾವು ಸೋತೆವು. ನನಗೆ ತುಂಬಾ ಬೇಜಾರಾಗಿತ್ತು. ಚಿಕ್ಕಪ್ಪ ಮಾತ್ರ ಎದುರು ತಂಡದ ಕೋಚ್ ಕಡೆಗೇ ನೋಡುತ್ತಾ ನಿಂತಿದ್ದರು. "ಅವರು ಯಾರು ಗೊತ್ತೇನೋ? ಸ್ಟೀವ್ ಕೊಪೆಲ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಬಲಗಡೆಯ ವಿಂಗರ್, ಅಂದ್ರೆ ಬದಿಯ ಗೆರೆಯ ಪಕ್ಕ ಓಡಿ ದಾಳಿ ಮಾಡೋ ಆಟಗಾರ. ಎಲ್ಲರೂ ಕೋಚ್ ಅಂತ ನೋಡ್ತಾರೆ, ಅವರ ಆಟ ಯಾರಿಗೂ ನೆನಪಿಲ್ಲ" ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ಹಳೆಯ ಪಂದ್ಯಗಳ ತುಣುಕುಗಳನ್ನು ಹುಡುಕಿ ನೋಡಿದೆ. ನನಗೆ ಗೊತ್ತಾದಷ್ಟನ್ನು ಹೇಳುತ್ತೇನೆ, ಉಳಿದದ್ದನ್ನು ನೀವೆಲ್ಲ ಸೇರಿಸಿ.

ಹುಟ್ಟಿದ್ದು ಲಿವರ್‌ಪೂಲ್‌ನಲ್ಲಿ, 1955ರ ಜುಲೈನಲ್ಲಿ. ಮೊದಲು ಆಡಿದ್ದು ನದಿಯ ಆಚೆ ದಡದ ಸಣ್ಣ ಕ್ಲಬ್ ಟ್ರಾನ್‌ಮಿಯರ್ ರೋವರ್ಸ್‌ಗೆ. ಆಗ ಅವರು ಲಿವರ್‌ಪೂಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೂ ಹೌದು. ವಾರವೆಲ್ಲ ಪಾಠ, ಶನಿವಾರ ಪಂದ್ಯ. 1975ರ ಫೆಬ್ರವರಿಯಲ್ಲಿ ಯುನೈಟೆಡ್ ಮ್ಯಾನೇಜರ್ ಟಾಮಿ ಡೊಕರ್ಟಿ ಅವರನ್ನು ಸುಮಾರು 60,000 ಪೌಂಡ್‌ಗೆ ಕರೆತಂದರು. ಆ ವರ್ಷ ಯುನೈಟೆಡ್ ಆಡುತ್ತಿದ್ದದ್ದು ಎರಡನೇ ಡಿವಿಷನ್‌ನಲ್ಲಿ. ಅಷ್ಟು ದೊಡ್ಡ ಕ್ಲಬ್ ಕೆಳಗೆ ಬಿದ್ದಿತ್ತು. ಮಾರ್ಚ್ 1ರಂದು ಕಾರ್ಡಿಫ್ ಎದುರು, ವಿಲ್ಲಿ ಮಾರ್ಗನ್ ಬದಲಿಗೆ, ಈ 19ರ ಹುಡುಗ ಮೊದಲ ಸಲ ಯುನೈಟೆಡ್ ಪರ ಕಣಕ್ಕಿಳಿದರು. ಆ ವರ್ಷವೇ ತಂಡ ಮತ್ತೆ ಮೇಲೆ ಬಂತು.

ನನಗೆ ತುಂಬಾ ಇಷ್ಟವಾದ ವಿಷಯ ಅಂದರೆ, ಯುನೈಟೆಡ್ ಸೇರಿದ ಮೇಲೂ ಅವರು ಓದು ಬಿಡಲಿಲ್ಲ.

ಹಳೇ ಸ್ಕೋರ್‌ಬೋರ್ಡ್:

ಒಳ್ಳೆಯ ವಿಷಯ ಎತ್ತಿದಿರಿ. ಡೊಕರ್ಟಿ ಕಟ್ಟಿದ ಆ ತಂಡದ ಬಗ್ಗೆ ನಾನು ಒಂದಿಷ್ಟು ಹೇಳುತ್ತೇನೆ, ಯಾಕೆಂದರೆ ಕೊಪೆಲ್ ಅರ್ಥವಾಗಬೇಕಾದರೆ ಮೊದಲು ಆ ತಂಡ ಅರ್ಥವಾಗಬೇಕು.

1975ರ ನವೆಂಬರ್‌ನಲ್ಲಿ ಮಿಲ್‌ವಾಲ್‌ನಿಂದ ಗಾರ್ಡನ್ ಹಿಲ್ ಬಂದರು. ಅವರು ಎಡಗಡೆ, ಕೊಪೆಲ್ ಬಲಗಡೆ. ಎರಡೂ ಗೆರೆಗಳ ಪಕ್ಕದಲ್ಲಿ ಅಪ್ಪಟ ವಿಂಗರ್‌ಗಳನ್ನು ಇಟ್ಟುಕೊಂಡು ಆಡುವುದು ಆಗ ಇಂಗ್ಲೆಂಡಿನಲ್ಲಿ ಕಡಿಮೆಯಾಗಿತ್ತು. 1966ರಲ್ಲಿ ಆಲ್ಫ್ ರ‍್ಯಾಮ್ಸೆ ವಿಂಗರ್‌ಗಳಿಲ್ಲದೆ ವಿಶ್ವಕಪ್ ಗೆದ್ದಿದ್ದರಲ್ಲ, ಆಮೇಲೆ ಎಷ್ಟೋ ಕೋಚ್‌ಗಳು ಅದೇ ದಾರಿ ಹಿಡಿದಿದ್ದರು. ಅಂಥ ಕಾಲದಲ್ಲಿ ಈ ಇಬ್ಬರು ಹುಡುಗರು ಗೆರೆಗೆ ಅಂಟಿಕೊಂಡು ಓಡುತ್ತಿದ್ದರೆ ಜನ ಎದ್ದು ನಿಲ್ಲುತ್ತಿದ್ದರು.

ಇಬ್ಬರ ಸ್ವಭಾವ ಬೇರೆ ಬೇರೆ. ಹಿಲ್ ಚೆಂಡು ಸಿಕ್ಕರೆ ಮ್ಯಾಜಿಕ್ ಮಾಡುವವರು. ಚೆಂಡು ಎದುರಾಳಿಯ ಕಾಲಿಗೆ ಹೋದರೆ ನಿಂತುಬಿಡುವವರು. ಕೊಪೆಲ್ ಹಾಗಲ್ಲ. ಮುಂದೆ ಹೋಗಿ ಕ್ರಾಸ್ ಹಾಕಿದ (ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಕೊಟ್ಟ) ಮರುಕ್ಷಣ ಹಿಂದೆ ತಿರುಗಿ ತಮ್ಮ ಫುಲ್‌ಬ್ಯಾಕ್ (ಬದಿಯ ರಕ್ಷಣಾ ಆಟಗಾರ) ಪಕ್ಕಕ್ಕೆ ಓಡಿ ಬರುತ್ತಿದ್ದರು.

ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ ಮೂರು ಫೈನಲ್‌ಗಳನ್ನು ಕೊಪೆಲ್ ಆಡಿದರು. 1976ರಲ್ಲಿ ಎರಡನೇ ಡಿವಿಷನ್‌ನ ಸೌತಾಂಪ್ಟನ್ ಎದುರು 0-1ರ ಸೋಲು, ಅದು ಯಾರೂ ನಿರೀಕ್ಷಿಸಿದ್ದಲ್ಲ. 1977ರಲ್ಲಿ ಲಿವರ್‌ಪೂಲ್ ಎದುರು 2-1ರ ಗೆಲುವು. ಲಿವರ್‌ಪೂಲ್ ಆ ವರ್ಷ ಲೀಗ್ ಗೆದ್ದಿತ್ತು, ನಾಲ್ಕು ದಿನ ಬಿಟ್ಟು ರೋಮ್‌ನಲ್ಲಿ ಯುರೋಪಿಯನ್ ಕಪ್ಪನ್ನೂ ಗೆದ್ದಿತು. ನಡುವೆ ತಪ್ಪಿದ್ದು ಇದೊಂದೇ. ಅದನ್ನು ತಪ್ಪಿಸಿದ ತಂಡದಲ್ಲಿ ಲಿವರ್‌ಪೂಲ್ ಊರಿನ ಈ ಹುಡುಗ ಇದ್ದರು. ಆ ಬೇಸಿಗೆಯಲ್ಲಿ ಊರಿಗೆ ಹೋದಾಗ ಬೀದಿಯಲ್ಲಿ ಏನೇನು ಮಾತು ಕೇಳಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1979ರ ಫೈನಲ್ ಅಂತೂ ಹೇಳುವುದೇ ಬೇಡ. ಆರ್ಸೆನಲ್ ಎದುರು 86ನೇ ನಿಮಿಷದವರೆಗೆ 0-2. ಕೊಪೆಲ್ ಫ್ರೀಕಿಕ್ ಎತ್ತಿದರು, ಅದರಿಂದ ಗಾರ್ಡನ್ ಮೆಕ್‌ಕ್ವೀನ್ ಒಂದು ಗೋಲು. ಎರಡು ನಿಮಿಷದಲ್ಲಿ ಸ್ಯಾಮಿ ಮೆಕಿಲ್‌ರಾಯ್ ಇನ್ನೊಂದು. 2-2. ಎಲ್ಲರೂ ಕುಣಿಯುತ್ತಿರುವಾಗಲೇ ಅಲನ್ ಸಂಡರ್‌ಲ್ಯಾಂಡ್ ಹೊಡೆದು 3-2 ಮಾಡಿದರು.

ಎಡಗಾಲು:

ಎಲ್ಲ ಸರಿ, ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯುನೈಟೆಡ್ ಪರ 396 ಪಂದ್ಯ, 70 ಗೋಲು. ಇಂಗ್ಲೆಂಡ್ ಪರ 42 ಪಂದ್ಯ, 7 ಗೋಲು. ಲೀಗ್ ಪ್ರಶಸ್ತಿ ಒಂದೂ ಇಲ್ಲ. ಇಂಗ್ಲಿಷ್ ವಿಂಗರ್ ಅಂದರೆ ನನ್ನ ಕಣ್ಣ ಮುಂದೆ ಬರುವುದು ಸ್ಟ್ಯಾನ್ಲಿ ಮ್ಯಾಥ್ಯೂಸ್, ಟಾಮ್ ಫಿನ್ನಿ. ಆಮೇಲೆ ಜಾನ್ ಬಾರ್ನ್ಸ್, ಕ್ರಿಸ್ ವಾಡಲ್. ಎದುರು ನಿಂತ ಡಿಫೆಂಡರ್‌ನನ್ನು ನಿಂತ ನೆಲದಲ್ಲೇ ತಿರುಗಿಸಿ ಬೀಳಿಸುವವರು. ಕೊಪೆಲ್ ಕಷ್ಟಪಟ್ಟು ಓಡುತ್ತಿದ್ದರು, ಒಪ್ಪುತ್ತೇನೆ. ಆದರೆ ಓಡುವವರನ್ನೆಲ್ಲ ದೊಡ್ಡ ವಿಂಗರ್ ಅಂತ ಕರೆಯೋಕೆ ಆಗುತ್ತಾ?

ಹಳೇ ಸ್ಕೋರ್‌ಬೋರ್ಡ್:

ಎಡಗಾಲು ಅವರೇ, ಬೇಜಾರಿಲ್ಲ. ಈ ಪ್ರಶ್ನೆ ಬರಲೇಬೇಕಿತ್ತು.

ಮ್ಯಾಥ್ಯೂಸ್ ಜೊತೆ ಹೋಲಿಸಿದರೆ ಯಾರೂ ನಿಲ್ಲುವುದಿಲ್ಲ. ಅವರು 50 ದಾಟಿದ ಮೇಲೂ, 1965ರಲ್ಲಿ, ಮೊದಲ ಡಿವಿಷನ್ ಪಂದ್ಯ ಆಡಿದವರು. ಆದರೆ ಅವರ ಕಾಲದ ವಿಂಗರ್ ಕೆಲಸ ಒಂದೇ ಇತ್ತು. ಚೆಂಡಿಗಾಗಿ ಗೆರೆಯ ಬಳಿ ಕಾಯುವುದು, ಬಂದಾಗ ಫುಲ್‌ಬ್ಯಾಕ್‌ನನ್ನು ದಾಟುವುದು, ಕ್ರಾಸ್ ಹಾಕುವುದು. ಕೊಪೆಲ್ ಆಡುವ ಹೊತ್ತಿಗೆ ಕೆಲಸ ಎರಡಾಗಿತ್ತು.

1977ರಲ್ಲಿ ಡೊಕರ್ಟಿ ಹೋಗಿ ಡೇವ್ ಸೆಕ್ಸ್‌ಟನ್ ಬಂದರು. ಅವರಿಗೆ ಶಿಸ್ತು ಮುಖ್ಯ. ವಿಂಗರ್‌ಗಳೂ ಹಿಂದೆ ಬಂದು ರಕ್ಷಣೆಗೆ ನಿಲ್ಲಬೇಕು. 1978ರ ವಸಂತದಲ್ಲೇ ಹಿಲ್ ಅವರನ್ನು ಡರ್ಬಿ ಕ್ಲಬ್‌ಗೆ ಮಾರಿದರು. ಜನರಿಗೆ ಅಷ್ಟು ಪ್ರೀತಿಯಾಗಿದ್ದ ಜೋಡಿ ಎರಡೂವರೆ ವರ್ಷಕ್ಕೇ ಮುರಿಯಿತು. ಕೊಪೆಲ್ ಉಳಿದರು. ಉಳಿದದ್ದು ಮಾತ್ರವಲ್ಲ, ಸ್ವಲ್ಪ ಹಿಂದೆ ಸರಿದು, ಬಲಗಡೆಯ ಮಿಡ್‌ಫೀಲ್ಡರ್ ಮತ್ತು ವಿಂಗರ್ ಎರಡೂ ಆಗಿ ಆಡುವುದನ್ನು ಕಲಿತರು.

1977ರ ಜನವರಿಯಿಂದ 1981ರ ನವೆಂಬರ್‌ವರೆಗೆ ಅವರು ಲೀಗ್‌ನಲ್ಲಿ ಒಂದೇ ಒಂದು ಪಂದ್ಯ ತಪ್ಪಿಸಲಿಲ್ಲ. ಸತತ 200ಕ್ಕೂ ಹೆಚ್ಚು. ಗೋಲ್‌ಕೀಪರ್ ಬಿಟ್ಟು ಬೇರೆ ಯಾವ ಯುನೈಟೆಡ್ ಆಟಗಾರನೂ ಹಾಗೆ ಆಡಿಲ್ಲ. ಆಗಿನ ಮೈದಾನಗಳನ್ನು ನೆನಪಿಸಿಕೊಳ್ಳಿ. ಚಳಿಗಾಲದಲ್ಲಿ ನಡುಭಾಗವೆಲ್ಲ ಕೆಸರು. ಟ್ಯಾಕಲ್‌ಗಳಿಗೆ ಈಗಿನಷ್ಟು ಕಡಿವಾಣವೂ ಇರಲಿಲ್ಲ. ಅದರಲ್ಲೂ ವಿಂಗರ್ ಅಂದರೆ ಎಲ್ಲರಿಗಿಂತ ಜಾಸ್ತಿ ಒದೆ ತಿನ್ನುವವನು. ಅಂಥ ಜಾಗದಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ವಾರ ಹಾಜರ್. ನನ್ನ ಲೆಕ್ಕದಲ್ಲಿ ಇದೂ ಪ್ರತಿಭೆಯೇ.

ಅವರು ಓಟಗಾರ ಮಾತ್ರ ಅನ್ನುವವರು ಒಂದು ಗೋಲು ನೋಡಬೇಕು. 1978ರ ಮೇ, ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್. ಸ್ಕಾಟ್ಲೆಂಡ್ ವಿಶ್ವಕಪ್‌ಗೆ ಅರ್ಜೆಂಟೀನಾಗೆ ಹೊರಟಿತ್ತು, ಇಂಗ್ಲೆಂಡ್ ಅರ್ಹತೆಯನ್ನೇ ಪಡೆದಿರಲಿಲ್ಲ. ಇಡೀ ಕ್ರೀಡಾಂಗಣ ಬೀಳ್ಕೊಡುಗೆಯ ಹಬ್ಬಕ್ಕೆ ಬಂದಿತ್ತು. ಅವರ ಎದುರು ಇಂಗ್ಲೆಂಡ್ ಪರ ಕೊಪೆಲ್ ಗೋಲು ಹೊಡೆದು 1-0 ಮಾಡಿದರು.

ಫಿಸಿಯೋ ಹುಬ್ಬಳ್ಳಿ:

ನಾನು ಮಂಡಿ ನೋವಿನವರ ಜೊತೆಯೇ ದಿನವೂ ಕೆಲಸ ಮಾಡುವವನು. ಹಾಗಾಗಿ ಆ ಏಟಿನ ಬಗ್ಗೆ ನಾನು ಬರೆಯುತ್ತೇನೆ.

1981ರ ನವೆಂಬರ್ 18. ವೆಂಬ್ಲಿಯಲ್ಲಿ ಹಂಗೆರಿ ಎದುರು ವಿಶ್ವಕಪ್ ಅರ್ಹತಾ ಪಂದ್ಯ. ಪಾಲ್ ಮ್ಯಾರಿನರ್ ಗೋಲಿನಿಂದ ಇಂಗ್ಲೆಂಡ್ 1-0ರಲ್ಲಿ ಗೆದ್ದಿತು. 1970ರ ನಂತರ ಮೊದಲ ಸಲ ಇಂಗ್ಲೆಂಡ್ ವಿಶ್ವಕಪ್‌ಗೆ ಹೋಗುವುದು ಆ ರಾತ್ರಿ ಖಚಿತವಾಯಿತು. ಎಲ್ಲರಿಗೂ ಸಂಭ್ರಮದ ಆ ಪಂದ್ಯದಲ್ಲೇ ಯೋಜೆಫ್ ಟೋಟ್ ಮಾಡಿದ ಒಂದು ಟ್ಯಾಕಲ್ ಕೊಪೆಲ್ ಮಂಡಿಯನ್ನು ಹಾಳುಮಾಡಿತು. ಮೇಲೆ ಹೇಳಿದ ಸತತ ಪಂದ್ಯಗಳ ಸರಣಿ ನಿಂತದ್ದು ಇಲ್ಲೇ.

ಮಂಡಿಯೊಳಗೆ, ತೊಡೆಯ ಮೂಳೆ ಮತ್ತು ಕಾಲಿನ ಮೂಳೆಯ ನಡುವೆ, ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳಿರುತ್ತವೆ. ಮೆನಿಸ್ಕಸ್ ಅಂತೀವಿ. ಆಟಗಾರರ ಬಾಯಲ್ಲಿ ಅದು ಕಾರ್ಟಿಲೇಜ್. ಓಡುವಾಗ ಮೈಭಾರವನ್ನು ಹಂಚಿ ತಡೆದುಕೊಳ್ಳುವುದು ಅವು. ಕಾಲು ನೆಲದಲ್ಲಿ ಊರಿರುವಾಗ ಮಂಡಿ ತಿರುಚಿದರೆ ಅವು ಹರಿಯಬಹುದು. ಈಗ ಹರಿದರೆ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಸಾಧ್ಯವಿದ್ದರೆ ಹೊಲಿದು ಉಳಿಸುತ್ತೇವೆ. ಆಗ ಅದನ್ನು ತೆಗೆದುಹಾಕುವುದೇ ರೂಢಿ. ಅದು ಹೋದರೆ ಭಾರವೆಲ್ಲ ಮೂಳೆಗಳ ತುದಿಯ ಮೇಲೇ ಬಿದ್ದು, ಮಂಡಿ ಬೇಗ ಸವೆಯುತ್ತದೆ. ಪಂದ್ಯವಾದ ಮರುದಿನ ಮಂಡಿ ಊದಿಕೊಳ್ಳುತ್ತದೆ. ಇಳಿಯುವ ಹೊತ್ತಿಗೆ ಮುಂದಿನ ಪಂದ್ಯ ಬಂದಿರುತ್ತದೆ.

ಬೇರೆ ಜಾಗದ ಆಟಗಾರ ಆಗಿದ್ದರೆ ಇನ್ನೂ ಕೆಲವು ವರ್ಷ ಹೇಗೋ ತಳ್ಳಬಹುದಿತ್ತೋ ಏನೋ. ವಿಂಗರ್ ಬದುಕುವುದೇ ಥಟ್ಟನೆ ನಿಂತು, ಥಟ್ಟನೆ ತಿರುಗಿ, ಮತ್ತೆ ಓಡುವುದರಲ್ಲಿ. ಕೊಪೆಲ್ ಥರದವರು ಅದನ್ನು ಎರಡೂ ದಿಕ್ಕಿಗೆ ಮಾಡುತ್ತಿದ್ದರು. ಮಂಡಿಗೆ ಅದಕ್ಕಿಂತ ದೊಡ್ಡ ಕೆಲಸ ಇಲ್ಲ.

ನನ್ನ ಹತ್ತಿರ ಬರುವ 20-22ರ ಹುಡುಗರು "ಸರ್, ಮತ್ತೆ ಆಡೋಕೆ ಆಗುತ್ತಾ?" ಅಂತ ಕೇಳುವಾಗ ಅವರ ಮುಖ ನೋಡೋಕೆ ಕಷ್ಟ. ಈಗ ಬಹಳಷ್ಟು ಜನರಿಗೆ "ಆಗುತ್ತೆ" ಅನ್ನಬಹುದು. 1981ರಲ್ಲಿ ಹಾಗೆ ಹೇಳುವುದು ಸುಲಭವಿರಲಿಲ್ಲ.

ಪಶ್ಚಿಮ ಗ್ಯಾಲರಿ:

ಫಿಸಿಯೋ ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಇದನ್ನು ಓದಿದ ಮೇಲೆ 1982ರ ವಿಶ್ವಕಪ್ ನನಗೆ ಬೇರೆಯದೇ ಥರ ಕಾಣುತ್ತಿದೆ.

ಆ ಮಂಡಿ ಇಟ್ಟುಕೊಂಡೇ ಅವರು ಸ್ಪೇನ್‌ಗೆ ಹೋದರು. ಜೂನ್ 16, ಬಿಲ್ಬಾವೊ, ಫ್ರಾನ್ಸ್ ಎದುರು ಮೊದಲ ಪಂದ್ಯ. ಆಟ ಶುರುವಾಗಿ ಅರ್ಧ ನಿಮಿಷವೂ ಆಗಿಲ್ಲ. ಬಲಗಡೆಯಿಂದ ಕೊಪೆಲ್ ಉದ್ದದ ಥ್ರೋ ಎಸೆದರು. ಟೆರ‍್ರಿ ಬುಚರ್ ತಲೆಯಿಂದ ಸವರಿದರು, ಬ್ರಯಾನ್ ರಾಬ್ಸನ್ ಕಾಲು ಚಾಚಿ ಒಳಗೆ ಹಾಕಿದರು. 27 ಸೆಕೆಂಡ್. ಆ ಗೋಲನ್ನು ಇವತ್ತಿಗೂ ತೋರಿಸುತ್ತಾರೆ, ರಾಬ್ಸನ್ ಹೆಸರು ಹೇಳುತ್ತಾರೆ. ಥ್ರೋ ಎಸೆದವರ ಹೆಸರು ಹೇಳುವವರು ಕಡಿಮೆ.

ಎರಡನೇ ಸುತ್ತಿನಲ್ಲಿ ಪಶ್ಚಿಮ ಜರ್ಮನಿ ಎದುರು 0-0. ಕೊನೆಗೆ ಸ್ಪೇನ್ ಎದುರು ಗೆಲ್ಲಲೇಬೇಕಾದ ಪಂದ್ಯ ಬಂದಾಗ ಕೊಪೆಲ್ ಮಂಡಿ ಕೈಕೊಟ್ಟಿತ್ತು. ಅವರಿಲ್ಲದೆ ಆಡಿದ ಇಂಗ್ಲೆಂಡ್‌ಗೆ ಗೋಲು ಸಿಗಲಿಲ್ಲ. ಐದು ಪಂದ್ಯದಲ್ಲಿ ಒಂದೂ ಸೋಲದೆ, ಒಂದೇ ಗೋಲು ಬಿಟ್ಟುಕೊಟ್ಟು ಮನೆಗೆ ಬಂದರು.

ಆಮೇಲೆ ಒಂದು ಸೀಸನ್ ಹೇಗೋ ಎಳೆದರು. 1983ರ ಮಾರ್ಚ್‌ನಲ್ಲಿ ಲೀಗ್ ಕಪ್ ಫೈನಲ್ ಆಡಿ ಲಿವರ್‌ಪೂಲ್‌ಗೆ ಸೋತರು. ಮೇ ತಿಂಗಳಲ್ಲಿ ಯುನೈಟೆಡ್ ಎಫ್‌ಎ ಕಪ್ ಗೆದ್ದಾಗ ಅವರ ಜಾಗದಲ್ಲಿ 21ರ ಅಲನ್ ಡೇವಿಸ್ ಆಡಿದರು. ಅಕ್ಟೋಬರ್‌ನಲ್ಲಿ ಕೊಪೆಲ್ ನಿವೃತ್ತಿ ಹೇಳಿದರು. ವಯಸ್ಸು 28.

28! ಒಬ್ಬ ಆಟಗಾರ ಆಟವನ್ನು ಪೂರ್ತಿ ಅರ್ಥಮಾಡಿಕೊಳ್ಳುವ ವಯಸ್ಸು ಅದು.

ರೀಡಿಂಗ್ ಕನ್ನಡಿಗ:

ನಾನು ಕೆಲಸಕ್ಕೆ ಅಂತ ಇಂಗ್ಲೆಂಡಿನ ರೀಡಿಂಗ್ ಊರಿಗೆ ಬಂದು ತುಂಬಾ ವರ್ಷಗಳಾದವು. ಇಲ್ಲಿನ ಕ್ಲಬ್‌ಗೆ ಮ್ಯಾನೇಜರ್ ಆಗಿದ್ದ ಕೊಪೆಲ್ ಅಂದರೆ ಇಲ್ಲಿಯವರಿಗೆ ವಿಂಗರ್ ಅಲ್ಲ, "106". ಆ ಸಂಖ್ಯೆ ಹೇಳಿದರೆ ಸಾಕು, ಪಬ್‌ನಲ್ಲಿ ಗೊತ್ತಿಲ್ಲದವರೂ ಮಾತಿಗೆ ಬರುತ್ತಾರೆ.

2005-06ರ ಚಾಂಪಿಯನ್‌ಶಿಪ್‌ನಲ್ಲಿ (ಪ್ರೀಮಿಯರ್ ಲೀಗ್‌ಗಿಂತ ಒಂದು ಹಂತ ಕೆಳಗಿನ ಲೀಗ್) ರೀಡಿಂಗ್ 46 ಪಂದ್ಯಗಳಲ್ಲಿ 31 ಗೆದ್ದು, 13 ಡ್ರಾ ಮಾಡಿ, ಬರೀ 2 ಸೋತಿತು. 106 ಅಂಕ, 99 ಗೋಲು. 1871ರಲ್ಲಿ ಹುಟ್ಟಿದ ಕ್ಲಬ್ ಮೊದಲ ಸಲ ಮೇಲಿನ ಡಿವಿಷನ್‌ಗೆ ಹೋಯಿತು, ಮರುವರ್ಷ ಪ್ರೀಮಿಯರ್ ಲೀಗ್‌ನಲ್ಲಿ 8ನೇ ಸ್ಥಾನಕ್ಕೆ ನಿಂತಿತು. ದೊಡ್ಡ ಹಣ ಸುರಿದು ಕಟ್ಟಿದ ತಂಡವೂ ಅದಲ್ಲ. ಕೆವಿನ್ ಡಾಯ್ಲ್ ಮತ್ತು ಶೇನ್ ಲಾಂಗ್ ಇಬ್ಬರನ್ನೂ ಐರ್ಲೆಂಡಿನ ಕಾರ್ಕ್ ಸಿಟಿಯಿಂದ ತೀರಾ ಕಡಿಮೆ ಬೆಲೆಗೆ ತಂದಿದ್ದರು.

ಈ ಚರ್ಚೆಗೆ ಬೇಕಾದ್ದು ಇದು: ಆ ತಂಡದ ಎರಡೂ ಬದಿಯಲ್ಲಿ ನಿಜವಾದ ವಿಂಗರ್‌ಗಳಿದ್ದರು. ಬಲಗಡೆ ಗ್ಲೆನ್ ಲಿಟಲ್, ಎಡಗಡೆ ಅಮೆರಿಕದ ಬಾಬಿ ಕಾನ್ವೆ. ಅವರು ಆಡಲಾಗದೆ ಇದ್ದಾಗ ಸ್ಟೀಫನ್ ಹಂಟ್. ಗೆರೆಯವರೆಗೆ ಹೋಗಿ ಕ್ರಾಸ್, ಆಮೇಲೆ ಹಿಂದೆ ಓಟ. ಕೊಪೆಲ್ ತಾವು ಹೇಗೆ ಆಡುತ್ತಿದ್ದರೋ ಅದನ್ನೇ ಇನ್ನಿಬ್ಬರ ಕಾಲಿಗೆ ಕೊಟ್ಟ ಹಾಗಿತ್ತು.

ಹಳೇ ಸ್ಕೋರ್‌ಬೋರ್ಡ್:

ರೀಡಿಂಗ್‌ಗೂ ಮೊದಲು ಕ್ರಿಸ್ಟಲ್ ಪ್ಯಾಲೇಸ್ ಇದೆಯಲ್ಲ, ಅದನ್ನು ಬಿಡೋಕೆ ಆಗಲ್ಲ. 1984ರಲ್ಲಿ ಅಲ್ಲಿ ಮ್ಯಾನೇಜರ್ ಆದಾಗ ಅವರಿಗೆ ಇನ್ನೂ 29 ತುಂಬಿರಲಿಲ್ಲ. ತಮ್ಮ ವಯಸ್ಸಿನವರು ಮೈದಾನದಲ್ಲಿ ಓಡುತ್ತಿರುವಾಗ ಇವರು ಪಕ್ಕದಲ್ಲಿ ನಿಂತು ನೋಡಬೇಕು. ಅದನ್ನು ಹೇಗೆ ಸಹಿಸಿದರೋ.

ಲೀಗ್ ಹೊರಗಿನ ಗ್ರೀನಿಚ್ ಬರೋ ತಂಡದಿಂದ ಇಯಾನ್ ರೈಟ್ ಅವರನ್ನು ಕರೆತಂದದ್ದು ಇದೇ ಕೊಪೆಲ್. 1989ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್ ಎದುರು 0-9ರಲ್ಲಿ ಸೋತರು. ಏಳು ತಿಂಗಳ ನಂತರ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಅದೇ ಲಿವರ್‌ಪೂಲನ್ನು 4-3ರಲ್ಲಿ ಸೋಲಿಸಿದರು! ಫೈನಲ್‌ನಲ್ಲಿ ಎದುರಿಗೆ ಬಂದದ್ದು ಯುನೈಟೆಡ್. 3-3 ಡ್ರಾ, ಮರುಪಂದ್ಯದಲ್ಲಿ 0-1. ಅಲೆಕ್ಸ್ ಫರ್ಗುಸನ್‌ಗೆ ಯುನೈಟೆಡ್‌ನಲ್ಲಿ ಸಿಕ್ಕ ಮೊದಲ ಕಪ್ ಅದು. ಮರುವರ್ಷ ಪ್ಯಾಲೇಸ್ ಲೀಗ್‌ನಲ್ಲಿ 3ನೇ ಸ್ಥಾನಕ್ಕೆ ಬಂತು.

1996ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಕೆಲಸವನ್ನು ಆರೇ ಪಂದ್ಯಕ್ಕೆ ಬಿಟ್ಟರು. ಒತ್ತಡ ತಡೆಯಲಾಗುತ್ತಿಲ್ಲ ಅಂತ ಬಹಿರಂಗವಾಗಿ ಹೇಳಿದರು. ಆ ಕಾಲದ ಫುಟ್‌ಬಾಲ್‌ನಲ್ಲಿ ಹಾಗೆ ಹೇಳೋಕೆ ಧೈರ್ಯ ಬೇಕಿತ್ತು.

ಎಡಗಾಲು:

ಇಷ್ಟೆಲ್ಲ ಓದಿ, ನಿನ್ನೆ ರಾತ್ರಿ ಕೂತು 1977 ಮತ್ತು 1979ರ ಫೈನಲ್ ತುಣುಕುಗಳನ್ನು ನೋಡಿದೆ. ಫಿನ್ನಿ, ಮ್ಯಾಥ್ಯೂಸ್ ಪಕ್ಕದಲ್ಲಿ ನಾನು ಕೊಪೆಲ್‌ರನ್ನು ಈಗಲೂ ಇಡುವುದಿಲ್ಲ. ಆ ಮಾತು ಬದಲಾಗಿಲ್ಲ. ಆದರೆ "ಓಡುವವರು" ಅಂತ ಸುಮ್ನೆ ಹೇಳಿಬಿಟ್ಟಿದ್ದೆ, ಅದು ತಪ್ಪು. ಅವರ ಕ್ರಾಸ್ ನೋಡಿ. ತಲೆ ಎತ್ತಿ, ಯಾರು ಎಲ್ಲಿದ್ದಾರೆ ಅಂತ ನೋಡಿ ಹಾಕುತ್ತಾರೆ. ನಾನೂ ಶಾಲೆಯಲ್ಲಿ ಎಡಗಡೆ ಆಡಿದವನು. ಪೂರ್ತಿ ವೇಗದಲ್ಲಿ ಓಡುವಾಗ ತಲೆ ಎತ್ತುವುದು ಎಷ್ಟು ಕಷ್ಟ ಅಂತ ಗೊತ್ತು.

ಕಡಲತೀರ:

ಮಂಗಳೂರಿನಿಂದ. 2016ರಲ್ಲಿ ಕೊಪೆಲ್ ಕೇರಳ ಬ್ಲಾಸ್ಟರ್ಸ್ ಕೋಚ್ ಆಗಿದ್ದರಲ್ಲ, ಆ ಸೀಸನ್‌ನಲ್ಲಿ ಬೆಂಗಳೂರಿನ ಪಾಲೂ ಇದೆ. ಸಿ.ಕೆ. ವಿನೀತ್ ಮತ್ತು ರಿನೋ ಆಂಟೋ ಇಬ್ಬರೂ ನವೆಂಬರ್ 5ರಂದು ದೋಹಾದಲ್ಲಿ ಬೆಂಗಳೂರು ಎಫ್‌ಸಿ ಪರ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಮುಗಿಸಿಕೊಂಡು ಬಂದು ಬ್ಲಾಸ್ಟರ್ಸ್ ಸೇರಿದರು. ಸೀಸನ್ ಅರ್ಧ ಆಗಿತ್ತು. ವಿನೀತ್ ಬಂದವರೇ ಐದು ಗೋಲು ಹೊಡೆದರು, ತಂಡ ಫೈನಲ್ ತಲುಪಿತು. ಕೊಚ್ಚಿಯಲ್ಲಿ ಫೈನಲ್, ಪೆನಾಲ್ಟಿಯಲ್ಲಿ ಕೋಲ್ಕತ್ತಕ್ಕೆ ಸೋಲು. ನಾನು ಅಲ್ಲೇ ಇದ್ದೆ. ಹಳದಿ ಅಂಗಿಯ ಅಭಿಮಾನಿಗಳ ಸಮುದ್ರ ಒಮ್ಮೆಗೇ ಮೌನವಾದದ್ದು ಇನ್ನೂ ಕಿವಿಯಲ್ಲಿದೆ.

ಪಶ್ಚಿಮ ಗ್ಯಾಲರಿ:

ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಒಂದು ಸೇರಿಸುತ್ತೇನೆ.

ಕಂಠೀರವದ ಆ ಪಂದ್ಯವಾಗಿ ಮೂರು ವಾರಕ್ಕೆ, 2018ರ ಜನವರಿಯಲ್ಲಿ, ಜಮ್‌ಶೆಡ್‌ಪುರ ತನ್ನ ಊರಿನಲ್ಲಿ ಬ್ಲಾಸ್ಟರ್ಸ್ ಎದುರು ಆಡಿತು. ಮಿಜೋರಾಂನ ಹುಡುಗ ಜೆರ‍್ರಿ ಮಾವಿಹ್ಮಿಂಗ್‌ಥಂಗಾ 23ನೇ ಸೆಕೆಂಡಿಗೆ ಗೋಲು ಹೊಡೆದರು. ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಅಲ್ಲಿಯವರೆಗಿನ ಅತಿ ವೇಗದ ಗೋಲು ಅದು. ಜೆರ‍್ರಿ ವಿಂಗರ್. 1982ರ ಆ 27 ಸೆಕೆಂಡ್ ಗೋಲಿಗೆ ಥ್ರೋ ಎಸೆದವರು ಇಲ್ಲಿ ಕೋಚ್ ಆಗಿ ಡಗೌಟ್‌ನಲ್ಲಿದ್ದರು. ಇದನ್ನು ಗಮನಿಸಿದಾಗ ನನಗೆ ಮೈ ಜುಂ ಅಂದಿತು.

ನಿನ್ನೆ ಚಿಕ್ಕಪ್ಪನ ಮನೆಗೆ ಹೋಗಿ ಎರಡೂ ವಿಡಿಯೋ ಮೊಬೈಲ್‌ನಲ್ಲಿ ತೋರಿಸಿದೆ. ಬಿಲ್ಬಾವೊ ಗೋಲು ಬಂದಾಗ ಅವರು ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ರಾಬ್ಸನ್ ಗೋಲು ಹೊಡೆದು ಕೈ ಎತ್ತಿದ ತಕ್ಷಣ, "ಅದಲ್ಲ, ಹಿಂದಕ್ಕೆ ಹಾಕು. ಥ್ರೋ ತನಕ ಹೋಗು" ಅಂದರು. ಹಾಕಿದೆ. ಮೂರು ಸಲ ಹಾಕಿಸಿ ನೋಡಿದರು.